ಮಂಗ ಬಿದ್ದ ಕಾನಿನ ಜಾಡು

ಮಂಗ ಸತ್ತು ಬಿದ್ದ ಕಾಡಿಗೆ ಹೋದವರಿಗೆ ಜ್ವರ ಹಿಡಿಯುತ್ತದೆ ಎಂಬುದನ್ನು ಸೊರಬ ತಾಲ್ಲೂಕಿನ ಹಳ್ಳಿಯವರು ವೈದ್ಯರಿಗಿಂತ ಮೊದಲೇ ಗೊತ್ತು ಮಾಡಿಕೊಂಡಿದ್ದರು. 1957ರ ಬೇಸಿಗೆಯ ಮಾತು ಇದು. ಕ್ಯಾಸನೂರಿನ ಕಾಡಂಚಿನ ಊರುಗಳಲ್ಲಿ ಸೌದೆಗೆ, ಸೊಪ್ಪಿಗೆ ಹೋದವರು, ದನ ಹೊಡೆದುಕೊಂಡು ಹೋಗಿ ಬಂದವರು ಇದ್ದಕ್ಕಿದ್ದಂತೆ ಹಾಸಿಗೆ ಹಿಡಿಯುತ್ತಿದ್ದರು. ತಲೆ ಸಿಡಿತ, ಸೊಂಟ ಕಾಲುಗಳಲ್ಲಿ ಎದ್ದು ನಿಲ್ಲಲಾಗದಷ್ಟು ನೋವು, ಕೆಂಪೇರಿದ ಕಣ್ಣು. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ಮೊದಮೊದಲು ಇದು ವಿಷಮಶೀತ ಜ್ವರವಿರಬೇಕು ಎಂದು ಎಣಿಸಲಾಯಿತು. ಆದರೆ ವಿಷಮಶೀತ ಜ್ವರಕ್ಕೆ ಕಾಡಿನ ಮುಸುವಗಳು ಸಾಲುಸಾಲಾಗಿ ಸಾಯುವುದಿಲ್ಲ. ಆ ವರ್ಷ 466 ಜನರಿಗೆ, ಮರುವರ್ಷ 181 ಜನರಿಗೆ ಕಾಯಿಲೆ ಬಂದ ಲೆಕ್ಕ ದಾಖಲೆಯಲ್ಲಿದೆ.

ಮಂಗಗಳ ಸಾವಿನ ಸುದ್ದಿ ಪುಣೆಗೆ ಮುಟ್ಟಿದಾಗ ಅಲ್ಲಿದ್ದವರ ಎದೆ ಧಸಕ್ಕೆಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಕಟ್ಟಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಅಲ್ಲಿನ ವಿಜ್ಞಾನಿಗಳಿಗೆ ದಕ್ಷಿಣ ಅಮೆರಿಕದ ಅನುಭವವಿತ್ತು. ಅಲ್ಲಿನ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದವೆಂದರೆ ಹಳದಿ ಜ್ವರ ಬಂತೆಂದೇ ಲೆಕ್ಕ. ಏಷ್ಯಾದಲ್ಲಿ ಹಳದಿ ಜ್ವರ ಎಂದೂ ಕಾಣಿಸಿಕೊಂಡಿರಲಿಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಇಲ್ಲಿ ಬೇಕಾದಷ್ಟಿತ್ತು, ತಡೆಯುವ ಶಕ್ತಿ ಯಾರ ಮೈಯಲ್ಲೂ ಇರಲಿಲ್ಲ. ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್, ಪನಾಮಾದ ಕಾಡುಗಳಲ್ಲಿ ಕೆಲಸ ಮಾಡಿ ಬಂದಿದ್ದ ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಶಿವಮೊಗ್ಗ ಜಿಲ್ಲೆಗೆ ಧಾವಿಸಿದರು.

ಹಳದಿ ಜ್ವರವಲ್ಲ ಎಂಬುದು ಬೇಗ ತಿಳಿಯಿತು. ರೋಗಿಗಳ ರಕ್ತದಿಂದಲೂ ಸತ್ತ ಮಂಗಗಳಿಂದಲೂ ಒಂದೇ ವೈರಸ್ ಸಿಕ್ಕಿತು. ಹೊಸ ವೈರಸ್. ಅದರ ನೆಂಟಸ್ತಿಕೆ ಹುಡುಕಿದಾಗ ಬಂದ ಉತ್ತರ ಮಾತ್ರ ಯಾರೂ ನಿರೀಕ್ಷಿಸದ್ದು. ಮಲೆನಾಡಿನ ಈ ವೈರಸ್ಸಿನ ಹತ್ತಿರದ ಬಂಧು ಸೊಳ್ಳೆಯಿಂದ ಬರುವ ಯಾವುದೂ ಆಗಿರದೆ ಸೈಬೀರಿಯಾದ ಮಿದುಳು ಜ್ವರದ ವೈರಸ್ ಆಗಿತ್ತು.

ಆ ರಷ್ಯನ್ ಜ್ವರಕ್ಕೂ ಒಂದು ಕತೆಯಿದೆ. 1937ರಲ್ಲಿ ಸೋವಿಯತ್ ಒಕ್ಕೂಟ ತನ್ನ ಪೂರ್ವದ ತುದಿಯ ಟೈಗಾ ಕಾಡಿಗೆ ಸೈನಿಕರನ್ನು, ಮರ ಕಡಿಯುವವರನ್ನು, ಒಕ್ಕಲುಗಳನ್ನು ಕಳಿಸುತ್ತಿದ್ದಾಗ ಅವರಲ್ಲಿ ಹಲವರು ವಸಂತ ಬರುತ್ತಿದ್ದಂತೆ ಮಿದುಳಿನ ಉರಿಯೂತದಿಂದ ಸಾಯತೊಡಗಿದರು. ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ಕಾಡಿಗೆ ಹೋಗಿ, ಉಣುಗುಗಳಿಂದ ಬರುವ ವೈರಸ್ ಇದಕ್ಕೆ ಕಾರಣವೆಂದು ಕಂಡುಹಿಡಿಯಿತು. ಅದೇ ವರ್ಷ ಜಿಲ್ಬರ್ ಅವರನ್ನು ಬಂಧಿಸಲಾಯಿತು. ಸ್ಟಾಲಿನ್ ಕಾಲದಲ್ಲಿ ಅದೇನೂ ಅಪರೂಪದ ಬಹುಮಾನವಲ್ಲ. ಆದರೆ ಅವರ ತಂಡದ ಪಾಠ ಉಳಿಯಿತು: ವೈರಸ್ಸು ಕಾಡಿನಲ್ಲಿ ತನ್ನ ಪಾಡಿಗೆ ಇರುತ್ತದೆ, ಮನುಷ್ಯ ಕೊಡಲಿ ಹಿಡಿದು ಅದರ ಮನೆಯೊಳಕ್ಕೆ ನಡೆದಾಗ ಮೈಗೆ ಹತ್ತುತ್ತದೆ. ವರ್ಕ್ ಮತ್ತು ಟ್ರಾಪಿಡೊ ಈ ಸುಳಿವಿನ ಮೇಲೆಯೇ ಸೊಳ್ಳೆಯನ್ನು ಬಿಟ್ಟು ಉಣುಗಿನ ಬೆನ್ನುಹತ್ತಿದರು.

ಸೈಬೀರಿಯಾದ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ಹಾರಿಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳು ತಂದಿರಬಹುದೆ? ಈ ಊಹೆ ಎಷ್ಟು ಆಕರ್ಷಕವಾಗಿತ್ತೆಂದರೆ ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಹೂಡಿದರು. ಮುಂದೆ ಅದೇ ಕೆಲಸಕ್ಕೆ ಅಮೆರಿಕದ ಸೇನೆಯ ವೈದ್ಯಕೀಯ ಸಂಶೋಧನಾ ವಿಭಾಗದ ಹಣವೂ ಹರಿದು ಬಂತು. ಶೀತಲ ಸಮರದ ದಿನಗಳು ಅವು. ಸೋವಿಯತ್ ನೆಲದಿಂದ ಬರುವ ಹಕ್ಕಿಗಳ ಲೆಕ್ಕ ಅಮೆರಿಕದ ಸೇನೆಗೆ ಯಾಕೆ ಬೇಕು ಎಂದು 1970ರ ದಶಕದಲ್ಲಿ ಪತ್ರಿಕೆಗಳು ಕೇಳಿದವು. ಜೈವಿಕ ಯುದ್ಧದ ತಯಾರಿಯೆಂಬ ಅನುಮಾನ ಎದ್ದು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ತನಕ ಹೋಯಿತು. ಸಲೀಂ ಅಲಿ ಆರೋಪಗಳನ್ನು ಸಾರಾಸಗಟಾಗಿ ತಳ್ಳಿಹಾಕಿದರು. ಕೊನೆಗೂ ಹಕ್ಕಿಗಳು ಸೈಬೀರಿಯಾದಿಂದ ವೈರಸ್ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಭಾರತಕ್ಕೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಒಂದು ಪಾಲು ಶಿವಮೊಗ್ಗದ ಜ್ವರದ ಖರ್ಚಿನಲ್ಲಿ ಬಂದದ್ದು.

ಇಷ್ಟಕ್ಕೂ ವೈರಸ್ ಹೊರಗಿನಿಂದ ಬರಬೇಕಾದ ಅಗತ್ಯವೇನೂ ಇರಲಿಲ್ಲ. ಜ್ವರ ಕಾಣಿಸಿಕೊಳ್ಳುವ ಐದು ವರ್ಷ ಮೊದಲೇ, 1952ರಲ್ಲಿ, ಸೌರಾಷ್ಟ್ರ ಮತ್ತು ಕಚ್ಛ್ ಕಡೆಯ ಜನರ ರಕ್ತವನ್ನು ಪರೀಕ್ಷಿಸಿದಾಗ ಈ ಬಗೆಯ ವೈರಸ್ಸಿನ ವಿರುದ್ಧ ಪ್ರತಿಕಾಯಗಳು ಕಂಡಿದ್ದವು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ವೈರಸ್ ಕ್ಯಾಸನೂರಿನದಕ್ಕೆ ತೀರ ಹತ್ತಿರದ್ದು. ಹಾಗಾದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಎಲ್ಲೋ ಸದ್ದಿಲ್ಲದೆ ಇದ್ದದ್ದು 1957ರ ಸೊರಬದಲ್ಲಿ ಯಾಕೆ ಎದ್ದು ನಿಂತಿತು?

ಉತ್ತರ ಹುಡುಕಲು ಸಾಗರದಲ್ಲಿ ಕ್ಷೇತ್ರ ಕೇಂದ್ರವೊಂದು ಶುರುವಾಯಿತು. ಈ ಕೇಂದ್ರದ ಕೆಲಸವನ್ನು ಕನ್ನಡದಲ್ಲಿ ಯಾರಾದರೂ ವಿವರವಾಗಿ ಬರೆಯಬೇಕು. ಅಷ್ಟು ಸ್ವಾರಸ್ಯವಾದದ್ದು ಅದು. ಕಾಡಿನ ತರಗೆಲೆಯ ಮೇಲೆ ಬಟ್ಟೆ ಎಳೆದುಕೊಂಡು ಹೋಗಿ, ಅದಕ್ಕೆ ಅಂಟಿದ ಉಣುಗುಗಳನ್ನು ಚಿಮಟಿಗೆಯಿಂದ ಹೆಕ್ಕಿ ಸೀಸೆಗೆ ಹಾಕುವುದು. ಇಲಿ, ಮೂಗಿಲಿ, ಅಳಿಲುಗಳನ್ನು ಬೋನಿಗೆ ಕೆಡವಿ ಅವುಗಳ ಕಿವಿ, ಕುತ್ತಿಗೆಯಲ್ಲಿ ಕಚ್ಚಿಕೊಂಡ ಮರಿ ಉಣುಗುಗಳನ್ನು ಎಣಿಸುವುದು. ಸತ್ತ ಮಂಗದ ಸುದ್ದಿ ಸಿಕ್ಕರೆ ಕೊಳೆಯುವ ಮೊದಲೇ ಅಲ್ಲಿಗೆ ಮುಟ್ಟುವುದು. ಕೀಟವಿಜ್ಞಾನಿ ಪಿ. ಕೆ. ರಾಜಗೋಪಾಲನ್ ಅವರಂಥವರು ವರ್ಷಗಟ್ಟಲೆ ಈ ಕಾಡುಗಳಲ್ಲಿ ಅಲೆದರು. ಮುಂದೆ ಅವರು ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಕೆಲಸ ಅಪಾಯದ್ದೂ ಹೌದು. ಈ ವೈರಸ್ಸಿನೊಂದಿಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಹಲವರಿಗೆ ಅಲ್ಲೇ ಸೋಂಕು ತಗುಲಿತು.

ಹೀಗೆ ಕೂಡಿಬಂದ ಚಿತ್ರದಲ್ಲಿ ಮುಖ್ಯ ಪಾತ್ರ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನದು. ಮಳೆಗಾಲದಲ್ಲಿ ಬಲಿತ ಉಣುಗು ದನ, ಎಮ್ಮೆ, ಕಡವೆಯಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿ, ಕೆಳಗುದುರಿ, ಒಂದೊಂದೂ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ಬಿಟ್ಟ ಮೇಲೆ ಮೊಟ್ಟೆಯೊಡೆದು ಬಂದ ಮರಿಗಳು ಇಲಿ, ನೆಲದ ಹಕ್ಕಿ, ಮಂಗ ಹೀಗೆ ಸಿಕ್ಕಿದ್ದಕ್ಕೆ ಹತ್ತುತ್ತವೆ. ಡಿಸೆಂಬರಿನಿಂದ ಮೇ ತನಕ ಅವುಗಳ ಮುಂದಿನ ಅವಸ್ಥೆ. ಸಾಸಿವೆ ಕಾಳಿಗಿಂತ ಸಣ್ಣ ಆ ಎಳೆ ಉಣುಗೇ ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು. ಮಲೆನಾಡಿನಲ್ಲಿ ಜನ ಕಾಡಿಗೆ ಹೆಚ್ಚು ಹೋಗುವುದೂ ಆಗಲೇ: ದರಗು, ಅಂದರೆ ಒಣ ತರಗೆಲೆ, ಗುಡಿಸಿ ತರಲು, ಮಳೆಗಾಲಕ್ಕೆ ಸೌದೆ ಒಟ್ಟಲು, ತೋಟಕ್ಕೆ ಸೊಪ್ಪು ಕಡಿಯಲು. ಗುಡಿಸುವವರು ಹೆಚ್ಚಾಗಿ ಹೆಂಗಸರು. ಅದೇ ದರಗು ಕೊಟ್ಟಿಗೆಗೆ ಹಾಸಾಗಿ ಮನೆಯ ಹಿತ್ತಿಲ ತನಕ ಬರುತ್ತದೆ.

ಮಂಗನ ಪಾಲು ಇಲ್ಲಿ ಖಳನದಲ್ಲ. ಮುಸುವ ಮತ್ತು ಕೆಂಪು ಮೂತಿಯ ಕೋತಿ ಎರಡಕ್ಕೂ ಈ ವೈರಸ್ ಮಾರಕ. ಆದರೆ ಸಾಯುವ ಮುಂಚೆ ಅವುಗಳ ರಕ್ತದಲ್ಲಿ ವೈರಸ್ ಮಿತಿಮೀರಿ ಬೆಳೆದಿರುತ್ತದೆ. ಮಂಗ ಸತ್ತು ಮೈ ತಣ್ಣಗಾದಾಗ ಸೋಂಕು ಹೀರಿಕೊಂಡ ಉಣುಗುಗಳು ಹೆಣ ಬಿಟ್ಟು ನೆಲಕ್ಕಿಳಿಯುತ್ತವೆ, ಆ ಜಾಗ ತಿಂಗಳುಗಟ್ಟಲೆ ಅಪಾಯದ ತಾಣವಾಗುತ್ತದೆ. ಊರವರು ಕಣ್ಣಳತೆಯಲ್ಲಿ ಕಂಡುಕೊಂಡಿದ್ದನ್ನು ಉಣುಗಿನ ಲೆಕ್ಕ ಹೀಗೆ ಗಟ್ಟಿ ಮಾಡಿತು. ದನದ ಪಾತ್ರ ಇನ್ನೂ ವಿಚಿತ್ರ. ದನಕ್ಕೆ ಕಾಯಿಲೆ ಬರುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಹೆಚ್ಚು ಬೆಳೆಯುವುದೂ ಇಲ್ಲ. ಅದು ಮಾಡುವುದು ಒಂದೇ: ಉಣುಗಿನ ಸಂಸಾರವನ್ನು ಸಾಕುತ್ತದೆ. ಮನುಷ್ಯನಾದರೋ ಈ ಸರಪಳಿಯ ಕೊನೆಯ ಕೊಂಡಿ. ಅವನಿಂದ ಇನ್ನೊಬ್ಬರಿಗೆ ಕಾಯಿಲೆ ದಾಟುವುದಿಲ್ಲ.

ಇಷ್ಟು ಗೊತ್ತಾದ ಮೇಲೂ ಕೊಲಂಬಿಯಾದ ಹೋರ್ಹೆ ಬೋಶೆಲ್ ಬಂದು ನೋಡುವ ತನಕ ಒಂದು ದೊಡ್ಡ ತುಂಡು ಬಾಕಿಯಿತ್ತು. ಬೋಶೆಲ್ ತಮ್ಮ ದೇಶದಲ್ಲಿ ಕಾಡಿನ ಹಳದಿ ಜ್ವರವನ್ನು ಅಧ್ಯಯನ ಮಾಡಿದವರು. ಅಲ್ಲಿ ಮರ ಕಡಿಯುವವರು ದೊಡ್ಡ ಮರವೊಂದನ್ನು ಉರುಳಿಸಿದಾಗ, ನೆತ್ತಿಯ ಹಸುರಿನಲ್ಲಿ ಮಂಗಗಳ ನಡುವೆ ಇರುತ್ತಿದ್ದ ನೀಲಿ ಸೊಳ್ಳೆಗಳು ಮರದ ಜೊತೆಗೇ ಕೆಳಗಿಳಿದು ಕೊಡಲಿ ಹಿಡಿದವರನ್ನು ಮುತ್ತುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅಂಥ ಮನುಷ್ಯ 1960ರ ದಶಕದಲ್ಲಿ ಶಿವಮೊಗ್ಗದ ಕಾಡುಗಳಿಗೆ ಬಂದಾಗ ಸೂಕ್ಷ್ಮದರ್ಶಕಕ್ಕಿಂತ ಮೊದಲು ಭೂಮಿಯನ್ನು ನೋಡಿದರು.

ಸೊರಬದ ಭೂಮಿ ಸಾಮಾನ್ಯದ್ದಲ್ಲ. ಇಲ್ಲಿಯ ಕಾನುಗಳು ಬಯಲು, ಗದ್ದೆ, ಎಲೆಯುದುರುವ ಕಾಡುಗಳ ನಡುವೆ ಅಲ್ಲಲ್ಲಿ ಉಳಿದ ನಿತ್ಯಹರಿದ್ವರ್ಣದ ತುಂಡುಗಳು. ಊರವರು ಅವುಗಳಲ್ಲಿ ಮೆಣಸಿನ ಬಳ್ಳಿ ನೋಡಿಕೊಳ್ಳುತ್ತಿದ್ದರು, ಬಗನಿ ಮರದಿಂದ ಕಳ್ಳು ಇಳಿಸುತ್ತಿದ್ದರು, ದೇವರೆಂದು ಕೈಮುಗಿಯುತ್ತಿದ್ದರು. 1868ರಷ್ಟು ಹಿಂದೆಯೇ ಡೀಟ್ರಿಚ್ ಬ್ರಾಂಡಿಸ್ ಎಂಬ ಅರಣ್ಯಾಧಿಕಾರಿ ಗ್ರಾಂಟ್ ಎಂಬವರ ಜೊತೆ ಸೊರಬದ ಕಾನುಗಳ ಬಗ್ಗೆಯೇ ವರದಿ ಬರೆದಿದ್ದರು. ಬ್ರಿಟಿಷ್ ಭಾರತದ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕರ ಗಮನ ಸೆಳೆಯುವಷ್ಟು ವಿಶೇಷ ಅವು. ಇಪ್ಪತ್ತನೆಯ ಶತಮಾನದ ನಡುವೆ ಈ ನೆಲದ ಮೇಲೆ ಒತ್ತಡ ಒಮ್ಮೆಲೇ ಏರಿತು. ಡಿಡಿಟಿ ಬಂದು ಮಲೇರಿಯಾ ಹಿಂದೆ ಸರಿದದ್ದೇ, ಮಲೆನಾಡಿಗೆ ಬರಲು ಹೆದರುತ್ತಿದ್ದವರು ಬಂದರು, ಬಂದವರು ಉಳಿದರು. ಹೊಸ ಗದ್ದೆಗಳಿಗಾಗಿ ಕಾಡು ಬೋಳಾಯಿತು. ಶರಾವತಿಗೆ ಅಣೆಕಟ್ಟುಗಳು ಬಂದವು; 1964ರಲ್ಲಿ ಮುಗಿದ ಲಿಂಗನಮಕ್ಕಿ ಊರೂರುಗಳನ್ನೇ ಮುಳುಗಿಸಿ ಜನರನ್ನು ಬೇರೆ ಕಾಡುಗಳತ್ತ ತಳ್ಳಿತು.

ಬೋಶೆಲ್ 1969ರಲ್ಲಿ ಪ್ರಕಟಿಸಿದ ಲೇಖನದ ವಾದ ಇದು. ಕಾಡು ಕಡಿದ ಕಡೆ ದನ ಮೇಯುತ್ತವೆ. ದನದ ರಕ್ತ ಕುಡಿದು ಬಲಿತ ಉಣುಗು ಕಾಡಿನಂಚಿನಲ್ಲಿ ಹಿಂದೆಂದೂ ಇಲ್ಲದಷ್ಟು ಹೆಚ್ಚುತ್ತದೆ. ಖಾಲಿ ಜಾಗದಲ್ಲಿ ಲಂಟಾನ ಹಬ್ಬಿ ಇಲಿ, ಹಕ್ಕಿಗಳಿಗೆ ಮರೆಯಾಗುತ್ತದೆ. ಅದೇ ಅಂಚಿಗೆ ಮಂಗಗಳು ಇಳಿದು ಬರುತ್ತವೆ, ಮನುಷ್ಯನೂ ಬರುತ್ತಾನೆ. ಕಾಡಿನೊಳಗೆ ತೆಳುವಾಗಿ ಹರಡಿಕೊಂಡಿದ್ದ ವೈರಸ್ ಅಂಚಿನಲ್ಲಿ ದಟ್ಟವಾಗುತ್ತದೆ. ಅಂದರೆ ಕಾಯಿಲೆಯನ್ನು ದೊಡ್ಡದು ಮಾಡಿದ್ದು ಕಾಡೂ ಅಲ್ಲ, ಊರೂ ಅಲ್ಲ. ಎರಡರ ನಡುವೆ ನಾವು ಹೊಸದಾಗಿ ಎಳೆದ ಹೊಲಿಗೆ. ಪರಿಸರದ ಬದಲಾವಣೆ ಮನುಷ್ಯನ ಆರೋಗ್ಯಕ್ಕೆ ಹೇಗೆ ತಟ್ಟುತ್ತದೆ ಎಂಬ ಇಂದಿನ ಎಷ್ಟೋ ಪಠ್ಯಗಳಿಗೆ ಮುನ್ನುಡಿಯಾಗಬಲ್ಲ ಲೇಖನ ಅದು.

ಆದರೆ ಆ ಪಾಠ ಕಡತ ಸೇರಿತು. ಯಾರದೋ ದುರುದ್ದೇಶದಿಂದ ಹಾಗಾಯಿತೆಂದು ಹೇಳಬೇಕಾಗಿಲ್ಲ. ಬೋಶೆಲ್ ಕಂಡ ಕಾಯಿಲೆ ನಾಲ್ಕು ಇಲಾಖೆಗಳ ನಡುವೆ ಹರಡಿಕೊಂಡಿತ್ತು: ಮಂಗ ಅರಣ್ಯ ಇಲಾಖೆಯದು, ದನ ಪಶುಸಂಗೋಪನೆಯದು, ಭೂಮಿ ಕಂದಾಯದವರದು, ಜ್ವರ ಮಾತ್ರ ಆರೋಗ್ಯ ಇಲಾಖೆಯದು. ಆರೋಗ್ಯ ಇಲಾಖೆಯ ಕೈಯಲ್ಲಿ ಇದ್ದದ್ದು ಸೂಜಿ. ರಾಕ್‌ಫೆಲರ್ ಪ್ರತಿಷ್ಠಾನವೂ ಪುಣೆಯಿಂದ ಹಿಂದೆ ಸರಿಯಿತು, ಕಾಡಿನಲ್ಲಿ ವರ್ಷಗಟ್ಟಲೆ ಉಣುಗು ಎಣಿಸುವಂಥ ಸಂಶೋಧನೆ ಸೊರಗಿತು. ಉಳಿದದ್ದು ಲಸಿಕೆಯ ದಾರಿ.

ಲಸಿಕೆಯ ಮೊದಲ ಯತ್ನ ನೆಂಟಸ್ತಿಕೆಯನ್ನೇ ನೆಚ್ಚಿಕೊಂಡದ್ದು. ರಷ್ಯನ್ ಮಿದುಳು ಜ್ವರದ ಲಸಿಕೆಯನ್ನು 1950ರ ದಶಕದ ಕೊನೆಯಲ್ಲಿ ಇಲ್ಲಿಯ ಜನಕ್ಕೆ ಕೊಟ್ಟು ನೋಡಲಾಯಿತು, ಉಪಯೋಗವಾಗಲಿಲ್ಲ. ಆಮೇಲೆ ಪುಣೆಯಲ್ಲೇ ಕ್ಯಾಸನೂರು ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು, ಲಸಿಕೆ ಮಾಡಿದರು. 1990ರಿಂದ 1992ರ ನಡುವಿನ ದೊಡ್ಡ ಕ್ಷೇತ್ರ ಪರೀಕ್ಷೆಯಲ್ಲಿ ಒಂದು ಡೋಸು ಶೇ 79.3, ಎರಡು ಡೋಸು ಶೇ 93.5 ರಕ್ಷಣೆ ಕೊಟ್ಟಿತೆಂದು ವರದಿಯಾಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದನ್ನು ತಯಾರಿಸಿ ಕೊಡುತ್ತ ಬಂತು. ಮನುಷ್ಯರ ಲಸಿಕೆ ದನದ ಲಸಿಕೆಯ ಮನೆಯಲ್ಲಿ ತಯಾರಾದದ್ದು ಈ ಕಾಯಿಲೆಗೆ ಒಪ್ಪುವಂಥದ್ದೇ ಅನ್ನಿ.

ಚುಚ್ಚಿದ ಜಾಗದಲ್ಲಿ ಆ ಲಸಿಕೆ ಚೆನ್ನಾಗಿ ನೋಯುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಇನ್ನೊಂದು, ಆಮೇಲೆ ವರ್ಷವರ್ಷವೂ ಬೂಸ್ಟರ್. ಮಂಗ ಸಾಯದ ವರ್ಷ ಕೈ ಒಡ್ಡಲು ಯಾರಿಗೂ ಮನಸ್ಸು ಬಾರದು. 2005ರಿಂದ 2010ರ ಲೆಕ್ಕ ತೆಗೆದಾಗ ಎರಡು ಡೋಸಿನ ರಕ್ಷಣೆ ಶೇ 62.4ಕ್ಕೆ, ಬೂಸ್ಟರ್ ಸೇರಿದರೆ ಶೇ 82.9ಕ್ಕೆ ನಿಂತಿತ್ತು.

ಈ ಲಸಿಕೆಯ ದೊಡ್ಡ ಪರೀಕ್ಷೆಗೂ ಮುಂಚೆ, 1982ರ ಕೊನೆಯಲ್ಲಿ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆ ಕಡೆ ಬೋಶೆಲ್ ಬರೆದದ್ದನ್ನು ಯಾರೋ ಪ್ರಯೋಗಕ್ಕಿಟ್ಟಂತಾಯಿತು. ಗೇರು ತೋಟ ಎಬ್ಬಿಸಲು ಅಲ್ಲಿ ದಟ್ಟ ಕಾಡು ಕಡಿಯತೊಡಗಿದ್ದರು. ಮಂಗಗಳು ಸತ್ತವು, ಬೆನ್ನಿಗೇ ಕಾಡು ಕಡಿಯುವ ಕೂಲಿಗಳು ಮಲಗಿದರು, ಆಮೇಲೆ ಸುತ್ತಲಿನ ಊರುಗಳು. ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು, ನೂರಕ್ಕೂ ಹೆಚ್ಚು ಜನ ಸತ್ತರು. ಸೊರಬದಲ್ಲಿ ಕಾಣಿಸಿಕೊಂಡ ಮೇಲೆ ಇಷ್ಟು ಭೀಕರವಾಗಿ ಅದು ಎಲ್ಲೂ ಎರಗಿರಲಿಲ್ಲ. ಕಾಡು ಕಡಿಯಲು ಅನುಮತಿ ಕೊಡುವಾಗ, ಹದಿಮೂರು ವರ್ಷ ಹಿಂದೆ ಅಚ್ಚಾದ ಲೇಖನ ಯಾರ ಮೇಜಿನ ಮೇಲೂ ಇರಲಿಲ್ಲ.

ಆ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿ ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಕೆಲಸ ಮಾಡಿದ್ದರು. 1987ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಈ ಕಾಯಿಲೆಯನ್ನು ನೇರವಾಗಿ ಅಭಿವೃದ್ಧಿಯ ಕಾಯಿಲೆ ಎಂದು ಕರೆಯಿತು. ಕಾಡು ಕಡಿದದ್ದಕ್ಕೆ ದೈವಗಳು ಮುನಿದಿವೆ ಎಂದು ಜನ ಮಾತಾಡಿಕೊಂಡದ್ದನ್ನು ಅವರು ಮೂಢನಂಬಿಕೆಯೆಂದು ಬದಿಗಿಡಲಿಲ್ಲ. ಕೇಳಿ ನೋಡಿದರೆ ಊರವರ ವಿವರಣೆಗೂ ಬೋಶೆಲ್ ವಿವರಣೆಗೂ ಕಾರಣದ ಸರಪಳಿ ಒಂದೇ: ಮುಟ್ಟಬಾರದ ಕಾಡನ್ನು ಮುಟ್ಟಿದರು, ಮಂಗ ಸತ್ತಿತು, ಜನ ಸತ್ತರು. ನಡುವಿನ ಕೊಂಡಿಯಲ್ಲಿ ಒಬ್ಬರು ದೈವವನ್ನಿಟ್ಟರು, ಇನ್ನೊಬ್ಬರು ಉಣುಗನ್ನು. ಆದರೆ ಗಾಬರಿಯ ನಡುವೆ ಆಡಳಿತ ಜನರ ಮುಂದಿಟ್ಟ ಮಾತುಗಳಲ್ಲಿ ಉಣುಗಿತ್ತು, ಮಂಗವಿತ್ತು, ಲಸಿಕೆಯಿತ್ತು; ಕಾಡು ಕಡಿದ ವಿಷಯಕ್ಕೆ ಅಷ್ಟಾಗಿ ಜಾಗವಿರಲಿಲ್ಲ.

ಸುಮಾರು ಐವತ್ತೈದು ವರ್ಷ ಕರ್ನಾಟಕದ ಕೆಲವು ಜಿಲ್ಲೆಗಳದೇ ಕಾಯಿಲೆ ಎಂದುಕೊಂಡಿದ್ದು 2012ರಿಂದ ಗಡಿ ದಾಟಿತು. ಮೊದಲು ಬಂಡೀಪುರ: ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಸಿಬ್ಬಂದಿಗೇ ಜ್ವರ ಬಂತು. ಬೆನ್ನಿಗೇ ನೀಲಗಿರಿಯ ಮಂಗಗಳು, ವಯನಾಡು, ನಿಲಂಬೂರಿನ ಕಾಡಿನ ಆದಿವಾಸಿಗಳು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಗೋವಾದಲ್ಲಿ ಕಾಯಿಲೆ ಬಿದ್ದವರಲ್ಲಿ ಗೇರು ಹಣ್ಣು ಹೆಕ್ಕುವ ಕೆಲಸದವರು ಹೆಚ್ಚು. ಬೆಳ್ತಂಗಡಿಯ ಗೇರು ನೆನಪಾಗದೆ ಇರದು. ಹೊಸ ಜಾಗಗಳಲ್ಲಿ ಇದು ಈ ಕಾಯಿಲೆಯೇ ಎಂದು ಗುರುತಿಸುವುದರಲ್ಲಿ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರದ ಕೈ ದೊಡ್ಡದು. ಕಾರಣ ತಿಳಿಯದ ಜ್ವರಗಳನ್ನು ಹಳ್ಳಿ ಆಸ್ಪತ್ರೆಗಳಿಂದಲೇ ಜರಡಿ ಹಿಡಿಯುವ ಯೋಜನೆ ಅವರು ನಡೆಸುತ್ತಿದ್ದರು. ಕಾಯಿಲೆ ನಿಜವಾಗಿ ಆಗ ಹರಡಿತೋ, ಇದ್ದದ್ದು ಆಗ ಕಣ್ಣಿಗೆ ಬಿತ್ತೋ ಎಂಬ ಅನುಮಾನಕ್ಕೆ ಇದರಿಂದ ಎಡೆಯಿದೆ. ಎರಡೂ ಸ್ವಲ್ಪ ಸ್ವಲ್ಪ ನಿಜವಿದ್ದೀತು.

2018ರ ಕೊನೆಗೆ ಅದು ಹಳೆಯ ಮನೆಗೇ ಮರಳಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಂದೇ ಋತುವಿನಲ್ಲಿ ಹಲವು ಸಾವುಗಳಾದವು. ಆರು ದಶಕ ಹಿಂದೆ ಇದೇ ತಾಲ್ಲೂಕಿನಲ್ಲಿ ಜಗತ್ತಿನ ಹೆಸರಾಂತ ವೈರಸ್ ತಜ್ಞರು ಬೀಡುಬಿಟ್ಟಿದ್ದರು. ಈಗ ರಕ್ತದ ಮಾದರಿಯ ಫಲಿತಾಂಶಕ್ಕೆ, ಲಸಿಕೆಗೆ, ಜ್ವರ ಬಿದ್ದವರನ್ನು ಮಣಿಪಾಲಕ್ಕೆ ಸಾಗಿಸುವ ಆಂಬುಲೆನ್ಸಿಗೆ ಜನ ಕಾಯಬೇಕಾಯಿತು.

ಸರಿಸುಮಾರು ಅದೇ ಹೊತ್ತಿಗೆ ಹೊಸ ಸಂಶೋಧನೆಯೊಂದು ಆರಂಭವಾಯಿತು. ಬ್ರಿಟನ್ನಿನ ಪರಿಸರ ವಿಜ್ಞಾನ ಮತ್ತು ಜಲವಿಜ್ಞಾನ ಕೇಂದ್ರದ ಬೆಥನ್ ಪರ್ಸ್ ಅವರ ತಂಡ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪಶುರೋಗಗಳ ಸಂಸ್ಥೆ ನಿವೇದಿ, ಪುಣೆಯ ವೈರಾಣು ಸಂಸ್ಥೆ ಮತ್ತು ರಾಜ್ಯದ ಆರೋಗ್ಯ ಇಲಾಖೆ ಒಂದೇ ಮೇಜಿಗೆ ಕೂತವು. ಕೆಲಸ ಶುರುವಾದದ್ದು ಪ್ರಯೋಗಾಲಯದಲ್ಲಲ್ಲ: ಆರೋಗ್ಯ, ಅರಣ್ಯ, ಪಶುವೈದ್ಯ ಸಿಬ್ಬಂದಿಯನ್ನು ಕೂರಿಸಿ, ನಿಮಗೆ ಯಾವ ಮಾಹಿತಿ ಬೇಕು, ಯಾವ ನಕ್ಷೆ ಕೊಟ್ಟರೆ ಉಪಯೋಗ ಎಂದು ಕೇಳುವುದರಿಂದ. 2020ರಲ್ಲಿ ಅವರು ಪ್ರಕಟಿಸಿದ ನಕ್ಷೆಯ ಪ್ರಕಾರ ಅಪಾಯ ಹೆಚ್ಚಿರುವುದು ನಿತ್ಯಹರಿದ್ವರ್ಣದ ಕಾಡು ಮತ್ತು ನೆಡುತೋಪುಗಳು ಬೆರೆತುಕೊಂಡ, ನಾಟಿ ದನ ಹೆಚ್ಚಿರುವ ನೆಲದಲ್ಲಿ. ಒಣ ಎಲೆಯುದುರುವ ಕಾಡಿನ ಕಡೆ ಕಡಿಮೆ. ಉಪಗ್ರಹದ ಚಿತ್ರ, ಗಣಕಯಂತ್ರದ ಲೆಕ್ಕಾಚಾರ ಎಲ್ಲ ಸೇರಿ ಬಂದ ಈ ಉತ್ತರವನ್ನು ಬೋಶೆಲ್ ಓದಿದ್ದರೆ ಒಮ್ಮೆ ತಲೆದೂಗುತ್ತಿದ್ದರು.

ಇದರ ಜೊತೆಗೆ ಒಂದು ಚರಿತ್ರೆಯ ಕುಚೋದ್ಯವನ್ನೂ ಹೇಳಬೇಕು. 2015ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಸೇರಿ ನೇಮಿಸಿದ ಆಯೋಗವೊಂದು ಭೂಗ್ರಹದ ಆರೋಗ್ಯ ಎಂಬ ವಿಷಯವನ್ನು ಜಗತ್ತಿನ ಮುಂದಿಟ್ಟಿತು. ಕಾಡು, ನೀರು, ಹವಾಮಾನಗಳ ಸ್ಥಿತಿ ಕೆಟ್ಟರೆ ಮನುಷ್ಯನ ಆರೋಗ್ಯ ನಿಲ್ಲುವುದಿಲ್ಲ, ಇದನ್ನು ವೈದ್ಯಕೀಯ ಶಿಕ್ಷಣದ ಭಾಗವಾಗಿಸಬೇಕು ಎಂಬುದು ಅದರ ತಿರುಳು. ಆ ಮೇಲೆ ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಈ ಹೆಸರಿನ ಪಾಠಗಳೂ ಪೀಠಗಳೂ ಹುಟ್ಟಿಕೊಂಡವು. ಇದೇ ಪ್ರತಿಷ್ಠಾನದ ಹಣದಲ್ಲಿ ಇದೇ ವಿಷಯದ ಅಡಿಪಾಯ ಸಾಗರದ ಕಾಡಿನಲ್ಲಿ ಬಿದ್ದಿತ್ತು ಎಂಬುದು ಶಿವಮೊಗ್ಗದ ವೈದ್ಯಕೀಯ ವಿದ್ಯಾರ್ಥಿಗೂ ಗೊತ್ತಿರುವುದು ಅನುಮಾನ. ಸಮುದಾಯ ವೈದ್ಯಕೀಯದ ಪಠ್ಯದಲ್ಲಿ ಕೆಎಫ್‌ಡಿಗೆ, ಅಂದರೆ ಈ ಕ್ಯಾಸನೂರು ಕಾಡಿನ ಕಾಯಿಲೆಗೆ, ಒಂದೆರಡು ಪುಟ ಸಿಗುತ್ತದೆ: ವೈರಸ್, ಉಣುಗು, ಲಕ್ಷಣ, ಲಸಿಕೆ. ಕಾನು, ದರಗು, ಅಣೆಕಟ್ಟು, ಗೇರು ತೋಟ ಪರೀಕ್ಷೆಗೆ ಬರುವುದಿಲ್ಲ.

ಪಾಠ ನಿಜವಾಗಿ ನಡೆಯುತ್ತಿರುವುದು ಬೇರೆ ಕಡೆ. ಮಳೆ ಬಿಡುತ್ತಿದ್ದಂತೆ ಮಲೆನಾಡಿನ ಆಶಾ ಕಾರ್ಯಕರ್ತೆಯರು ಕಾಡಂಚಿನ ಮನೆಮನೆಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ತೈಲ ಕೊಡುತ್ತಾರೆ. ಹಿಂದೆ ಡಿಎಂಪಿ, ಈಗ ಡೆಪಾ. ಕಾಡಿಂದ ಬಂದವರು ಬಿಸಿನೀರಲ್ಲಿ ಮೀಯಬೇಕು, ಬಟ್ಟೆ ಬೇರೆ ಒಗೆಯಬೇಕು ಎನ್ನುತ್ತಾರೆ. ಮಂಗ ಸತ್ತ ಸುದ್ದಿ ಮೊದಲು ಮುಟ್ಟಿಸುವವರು ದನಗಾಹಿಗಳು, ತೋಟದ ಆಳುಗಳು. ಸುದ್ದಿ ಬಂದ ಜಾಗಕ್ಕೆ ಮ್ಯಾಲಥಿಯಾನ್ ಪುಡಿ ಹೋಗುತ್ತದೆ, ಹೆಣ ಸುಡಲಾಗುತ್ತದೆ. ತೈಲದ ವಾಸನೆ ಹಿಡಿಸದವರಿದ್ದಾರೆ, ಬೆವರಿಗೆ ಅದು ತೊಳೆದು ಹೋಗುತ್ತದೆ ಎನ್ನುವವರಿದ್ದಾರೆ. ಕಾಡಿಗೆ ಹೋಗಬೇಡಿ ಎಂಬ ಸಲಹೆಯಂತೂ ಸೌದೆ ಒಲೆಯ ಮನೆಗೆ ಅರ್ಥವಿಲ್ಲದ್ದು.

2022ರಲ್ಲಿ ಹಳೆಯ ಲಸಿಕೆಯ ಬಳಕೆ ನಿಂತಿತು. 1957ರಲ್ಲಿ ಸಿಕ್ಕಿದ್ದ ವೈರಸ್ಸಿನಿಂದಲೇ ತಯಾರಾಗುತ್ತಿದ್ದ ಅದರ ಶಕ್ತಿಯ ಬಗ್ಗೆ ಎದ್ದ ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಇರಲಿಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿದೆ. 2024ರ ಆರಂಭದಲ್ಲಿ ಕಾಯಿಲೆ ಸಿದ್ದಾಪುರ ತಾಲ್ಲೂಕಿನಲ್ಲಿ ಜೋರಾದಾಗ ಆರೋಗ್ಯ ಇಲಾಖೆಯ ಕೈಯಲ್ಲಿ ತೈಲ ಮಾತ್ರ ಇತ್ತು.

ಇನ್ನೊಂದು ಬಾಕಿ ಲೆಕ್ಕವೂ ಇದೆ. ಅರವತ್ತು ವರ್ಷಗಳ ಎಲ್ಲ ಅಧ್ಯಯನಗಳನ್ನು ಸೋಸಿ 2021ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ವರ್ಷಗಳಿಂದ ಶಿಫಾರಸು ಮಾಡುತ್ತ ಬಂದ ಹಲವು ಕ್ರಮಗಳಿಗೆ ಕ್ಷೇತ್ರದಿಂದ ಬಂದ ಪುರಾವೆ ತೆಳುವೆಂದು ತೋರಿಸಿತು. ಉಣುಗು ಎಣಿಸಿದ ವಿವರವಾದ ಲೆಕ್ಕಗಳಲ್ಲಿ ಹೆಚ್ಚಿನವು ಇಂದಿಗೂ 1950 ಮತ್ತು 60ರ ದಶಕದವು. ಆ ಮೇಲೆ ಸೊರಬ, ಸಾಗರದ ಕಾನುಗಳ ನಡುವೆ ಅಕೇಶಿಯಾ ಬಂದಿದೆ, ರಬ್ಬರ್ ಬಂದಿದೆ, ಗುಡ್ಡದ ಮೇಲೂ ಅಡಿಕೆ ಹತ್ತಿದೆ, ಕಾಡಿಗೆ ಮೇಯಲು ಹೋಗುವ ನಾಟಿ ದನಗಳ ಸಂಖ್ಯೆ ಇಳಿಯುತ್ತಿದೆ. ಈ ಹೊಸ ನೆಲದಲ್ಲಿ ಉಣುಗಿನ ಹೊಟ್ಟೆ ತುಂಬಿಸುತ್ತಿರುವ ಪ್ರಾಣಿ ಯಾವುದು ಎಂದು ತಿಳಿಯಬೇಕಾದರೆ ಯಾರಾದರೂ ಮತ್ತೆ ಬಟ್ಟೆ ಹಿಡಿದು ತರಗೆಲೆಯ ಮೇಲೆ ಎಳೆಯಬೇಕು, ಬೋನು ಇಡಬೇಕು, ಒಂದು ಋತುವಿಗಲ್ಲ, ವರ್ಷಗಟ್ಟಲೆ.